ರೊಟ್ಟಿ ಮಾಫಿ

ಗದುಗಿನ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿಗೆ ತಮ್ಮ ಅಂಗಾಲಿನಲ್ಲಿ ಮೊಳೆ ನೆಟ್ಟಿದೆ ಎಂಬ ಸುದ್ದಿ ಹುಬ್ಬಳ್ಳಿಯಿಂದ ಫೋನಿನಲ್ಲಿ ತಿಳಿಯಿತು.

“ನಮಸ್ಕಾರ್ರಿ, ನರಗಾವಲಿನಿಂದ ಶಿವಲೀಲಾ ಮಾತಾಡಾಕತ್ತೇನಿ. ನಿಮ್ಮ ಎಡಗಾಲಿಗೆ ಏನೋ ಚುಚ್ಚೈತಿ. ನಡಿಯೋದು ನಿಲ್ಲಿಸಿ ಚಪ್ಪಲಿ ಬಿಟ್ಟು ನೋಡ್ರಿ.”

“ಏನೂ ಇಲ್ಲಲ್ಲ ತಂಗಿ... ತಡಿ ತಡಿ. ಅಯ್ಯ ಇದರ! ಮೊಳಿ ಪೂರಾ ಒಳಗ ಹೋಗೈತಿ. ರಕ್ತ ಸುರಿಯಾಕತ್ತೈತಿ!”

“ಗಾಬರಿ ಆಗಬ್ಯಾಡ್ರಿ. ಮನ್ಯಾಗ ಇದ್ದವರನ್ನ ಕರೀರಿ. ಸೀದಾ ದವಾಖಾನಿಗೆ ಹೋಗ್ರಿ.”

ಕಂಡಕ್ಟರ್ ನಕ್ಕುಬಿಟ್ಟರು. ರಕ್ತ ಸುರಿಯುತ್ತಿರುವಾಗಲೂ ನಗು ಬರುವಂಥ ಕಾಲ ಅದು. ನೋವು ಒಬ್ಬರದು, ಅದನ್ನು ಕೇಳಿಸಿಕೊಳ್ಳುವವರು ಇನ್ನೊಬ್ಬರು. ಆ ಇನ್ನೊಬ್ಬರಿಗೆ ತಿಂಗಳ ಸಂಬಳ, ವಾರಕ್ಕೊಂದು ರಜೆ, ಕ್ಯಾಂಟೀನಿನಲ್ಲಿ ಎರಡು ಹೊತ್ತು ಚಹಾ.

ನೋವಿಗೆಂದು ನರದ ಬುಡಕ್ಕೆ ಇಂಜೆಕ್ಷನ್ ಕೊಡುವುದು ಹೊಸ ವಿದ್ಯೆಯೇನಲ್ಲ. ಹಳೆಯ ಇಂಜೆಕ್ಷನ್ ಕೆಲಕಾಲ ನೋವನ್ನು ತಡೆದು, ಜೊತೆಗೆ ಕೈಕಾಲಿಗೂ ಜೋಮು ಹಿಡಿಸಿ, ಆಮೇಲೆ ಬಂದ ದಾರಿಗೆ ಸುಂಕವಿಲ್ಲದಂತೆ ಇಳಿದುಹೋಗುತ್ತಿತ್ತು. ಹೊಸದರಲ್ಲಿ ಔಷಧದ ಬದಲು ಧೂಳಿಗಿಂತ ಸಣ್ಣ ಕದಗಳಿದ್ದವು. ಅವು ಹೋಗಿ ನೋವು ಸಾಗುವ ಸಣ್ಣ ಎಳೆಗಳಿಗೆ ಮಾತ್ರ ಅಂಟಿಕೊಳ್ಳುತ್ತಿದ್ದವು. ಕೈ ಆಡುತ್ತಿತ್ತು, ಮುಟ್ಟಿದ್ದು ಗೊತ್ತಾಗುತ್ತಿತ್ತು. ನೋವು ಮಾತ್ರ ಕದದವರೆಗೆ ಬಂದು ನಿಲ್ಲುತ್ತಿತ್ತು. ಬಿಸಿಯೂ ತಂಪೂ ಅದೇ ಎಳೆಗಳಲ್ಲಿ ಓಡಾಡುವುದರಿಂದ ಅವೂ ಅಲ್ಲೇ ನಿಲ್ಲುತ್ತಿದ್ದವು.

ನಿಂತ ನೋವು ಸುಮ್ಮನೆ ಹಿಂತಿರುಗುವುದಿಲ್ಲವಲ್ಲ. ಕದ ಅದನ್ನು ಅಳೆದು, ತೋಳಿಗೆ ಕಟ್ಟಿದ ಪಟ್ಟಿಗೆ ಹೇಳುತ್ತಿತ್ತು. ಪಟ್ಟಿ ಅದನ್ನು ಹುಬ್ಬಳ್ಳಿಯ ಹೊರಗೆ ನರಗಾವಲು ಎಂಬ ಕಂಪನಿಯ ಕಟ್ಟಡದ ದೊಡ್ಡ ಕೋಣೆಗೆ ಕಳಿಸುತ್ತಿತ್ತು. ಡಾಕ್ಟರು ಹೇಳಿದರೆ ಕದ ತೆರೆಯುವುದೂ ಆ ಕೋಣೆಯಿಂದಲೇ. ಅಲ್ಲಿ ಸಾಲಾಗಿ ಕೂತ ಹೆಣ್ಣುಮಕ್ಕಳು ಪರದೆಯ ಮೇಲೆ ಯಾರ ಗೆರೆ ಏರಿತು ಎಂದು ನೋಡಿ ಫೋನು ಮಾಡಬೇಕು. ಮೊದಲು ಪಟ್ಟಿಯೇ ಕೂಗುವ ಹಾಗೆ ಮಾಡಿದ್ದರು. ಜನ ಅದನ್ನು ಸೊಳ್ಳೆಯ ಸದ್ದಿನಷ್ಟೂ ಲೆಕ್ಕಕ್ಕಿಡಲಿಲ್ಲ. ಮನುಷ್ಯರ ದನಿಯಾದರೆ ಮರ್ಯಾದೆಗಾದರೂ ಕೇಳುತ್ತಾರೆ ಎಂದು ಕಂಪನಿ ಈ ಕೆಲಸ ಹುಟ್ಟಿಸಿತು. ಕಂಪನಿಯ ಕಾಗದದಲ್ಲಿ ಇವರಿಗೆ ‘ವೀಕ್ಷಕಿ’ ಎಂಬ ಹೆಸರು. ಊರಿನವರು ‘ಬ್ಯಾನಿ ಹುಡುಗ್ಯಾರು’, ಅಂದರೆ ನೋವಿನ ಹುಡುಗಿಯರು, ಎನ್ನುತ್ತಿದ್ದರು.

ಶಿವಲೀಲಾ ಹುಡುಗಿಯೇನಲ್ಲ, ತಲೆಯಲ್ಲಿ ಅಲ್ಲಲ್ಲಿ ನರೆ ಇಣುಕಿತ್ತು. ಗಂಡನ ಮನೆ ಬಿಟ್ಟು ಬಂದು ತಾಯಿಯ ಜೊತೆ ಇದ್ದಳು. ಹಳೇ ಹುಬ್ಬಳ್ಳಿಯಲ್ಲಿ ತಾಯಿ ನೀಲವ್ವನದು ಖಾನಾವಳಿ. ಮುಂದಿನ ಕೋಣೆಯಲ್ಲಿ ಊಟದವರು, ಹಿಂದಿನ ಕೋಣೆಯಲ್ಲಿ ಒಲೆ, ಅಟ್ಟದ ಮೇಲೆ ಸಂಸಾರ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ. ಬ್ಯಾಂಕಿನವರಿಂದ ಹಿಡಿದು ಲಾರಿಯವರ ತನಕ ಅಲ್ಲಿ ಕೂತು ಉಂಡವರೇ. ನೀಲವ್ವನ ರೊಟ್ಟಿ ಕೈಯಲ್ಲಿ ಹಿಡಿದರೆ ಆಚೆ ಕೂತವರು ಕಾಣಬೇಕು, ಅಷ್ಟು ತೆಳ್ಳಗೆ.

ಆ ಬಲಗೈಗೆ ಸರ್ಪಸುತ್ತು ಬಿತ್ತು. ಭುಜದಿಂದ ಮುಂಗೈವರೆಗೆ ಬೊಕ್ಕೆಗಳು. ಓಣಿಯವರೆಲ್ಲ ಸೇರಿ ಕೆಮ್ಮಣ್ಣು ಹಚ್ಚಿಸಿದರು, ಡಾಕ್ಟರು ಗುಳಿಗೆ ಕೊಟ್ಟರು, ಬೊಕ್ಕೆ ಒಣಗಿದವು. ಉರಿ ಮಾತ್ರ ಒಣಗಲಿಲ್ಲ. ಕುಪ್ಪಸದ ತೋಳು ಸೋಕಿದರೆ ಕೆಂಡ ಸೋಕಿದ ಹಾಗೆ ಕಿರುಚುತ್ತಿದ್ದಳು. ಫ್ಯಾನಿನ ಗಾಳಿಯೂ ಆಗದು. ಖಾನಾವಳಿಯ ಬಾಗಿಲು ಮುಚ್ಚಿತು. ಗೋಡೆಗೆ ಮುಖ ಮಾಡಿ ಕೂತು, “ಈ ಕೈ ಕಡದು ಒಗೀರಿ, ನಿಮ್ಮ ಪುಣ್ಯಾ ಹತ್ತಲಿ” ಎನ್ನುತ್ತಿದ್ದಳು. ದಿನವಿಡೀ ಕಂಡವರ ನೋವಿಗೆ ಓಗೊಟ್ಟು ಮನೆಗೆ ಬರುವ ಶಿವಲೀಲಾಗೆ ಇಲ್ಲೂ ಅದೇ ಕೂಗು ಕಾದಿರುತ್ತಿತ್ತು. ತಾನೇ ಹಟ ಹಿಡಿದು ತಾಯಿಗೆ ಇಂಜೆಕ್ಷನ್ ಕೊಡಿಸಿದಳು.

ಕತ್ತಿನ ಬುಡದಲ್ಲಿ ಸೂಜಿ ಚುಚ್ಚಿದ್ದರು. ಮನೆಗೆ ಬಂದಾಗ ನೀಲವ್ವನ ದನಿ ಒಡೆದಿತ್ತು, ಬಲಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಅದು ತಾನೇ ಸರಿಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವತ್ತು ಸ್ನಾನ ಬೇಡ, ಒಂದು ವಾರ ಭಾರ ಎತ್ತಬೇಡಿ, ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಆ ಕೈಯನ್ನು ದಿನಾ ಕಣ್ಣಿಂದ ನೋಡಿಕೊಳ್ಳಿ ಎಂದೂ ಹೇಳಿದ್ದರು. ನೀಲವ್ವ ಅದ್ಯಾವುದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು, ತೆಗೆದಳು, ಮತ್ತೆ ಎಳೆದುಕೊಂಡಳು.

“ಹೋತಲ್ಲ ಲೀಲಾ! ಹಾಳಾದ್ದು ಹೋತು!”

ಅಳುತ್ತಲೇ ನಕ್ಕಳು. ಆಮೇಲೆ ಬಲಗೈಯನ್ನೇ ದಿಂಬು ಮಾಡಿಕೊಂಡು ಸಂಜೆಯವರೆಗೆ ನಿದ್ದೆ ಹೊಡೆದಳು. ಶಿವಲೀಲಾ ಪಕ್ಕದಲ್ಲಿ ಕೂತು, ತಾನು ಮಾಡುವ ಕೆಲಸ ಒಳ್ಳೆಯದೇ ಎಂದು ಮೊದಲ ಸಲ ಮನಸಾರೆ ಅಂದುಕೊಂಡಳು.

ವಾರ ಕಳೆಯುವುದರೊಳಗೆ ನೀಲವ್ವ ಒಲೆಯ ಮುಂದೆ ಕೂತಳು. ಬೇಡ ಅಂದರೆ ಕೇಳುವ ಜೀವವೇ ಅದು? ತೊಂದರೆ ಶುರುವಾಗಿದ್ದು ಅಲ್ಲಿಂದ.

ನಮ್ಮ ಕಡೆ ರೊಟ್ಟಿ ಮಾಡುವ ಹೆಂಗಸಿನ ಕೈಯಲ್ಲಿ ಇಕ್ಕಳ, ಚಮಚ ಇರುವುದಿಲ್ಲ. ಬಡಿದ ರೊಟ್ಟಿಯನ್ನು ಅಂಗೈ ಮೇಲೆ ಹೊತ್ತು ಕಾದ ಹಂಚಿಗೆ ಹಾಕುವುದೂ ಕೈ, ಮೇಲೆ ನೀರು ಸವರುವುದೂ ಕೈ, ಅಂಚು ಎಬ್ಬಿಸಿ ಮಗುಚುವುದೂ ಕೈಯೇ. ಬೆರಳ ತುದಿ ಸುಡುತ್ತದೆ, ಸುಡುವುದರೊಳಗೆ ಕೈ ಹಿಂದೆ ಬಂದಿರುತ್ತದೆ. ಅದನ್ನು ಯಾರೂ ಕಲಿಸುವುದಿಲ್ಲ. ಹಂಚು ಕಾದಿದೆಯೋ ಇಲ್ಲವೋ ಎಂದೂ ಕೈ ಹಿಡಿದೇ ತಿಳಿಯಬೇಕು. ನೀಲವ್ವನಿಗೆ ಈಗ ಅದು ತಿಳಿಯದು. ನೀರು ಚಿಮುಕಿಸಿ ಸದ್ದು ಕೇಳಿ ಅಂದಾಜು ಮಾಡುತ್ತಿದ್ದಳು. ಕೋಣೆಯಲ್ಲಿ ಮಾತ್ರ ಅವಳ ಗೆರೆ ಒಂದೊಂದು ರೊಟ್ಟಿಗೂ ಏರಿ ಕೆಂಪಾಗುತ್ತಿತ್ತು.

ಶಿವಲೀಲಾಳ ಪಕ್ಕದ ಕುರ್ಚಿಯ ಮೆಹರುನ್ನಿಸಾ ಫೋನು ಮಾಡಿದಳು. “ಅವ್ವಾ, ಕೈ ಸುಡಾಕತ್ತೈತಿ, ತಕ್ಕೋರಿ.”

“ಸುಡಲಾರದ ರೊಟ್ಟಿ ಹೆಂಗ ಮಾಡ್ತಾರ ನಮ್ಮವ್ವ? ನಿಮ್ಮ ಮನ್ಯಾಗ ರೊಟ್ಟಿ ಮಾಡೂದಿಲ್ಲೇನ?”

ಇನ್ನೊಂದು ರೊಟ್ಟಿ, ಇನ್ನೊಂದು ಫೋನು. ಹಿಟ್ಟಿನ ಕೈಯಲ್ಲಿ ಫೋನು ಎತ್ತಿ ಎತ್ತಿ ಫೋನಿಗೇ ರೊಟ್ಟಿಯ ಬಣ್ಣ ಬಂತು. ಮೂರನೆಯ ದಿನ ನೀಲವ್ವ ಪಟ್ಟಿ ಬಿಚ್ಚಿ ಗೂಡಿನಲ್ಲಿಟ್ಟಳು. ಸಂಜೆ ಮಗಳು ಬಂದು ಮತ್ತೆ ಕಟ್ಟಿದಳು.

“ಕಟ್ಟೋದಾದರ ಆ ಹುಡುಗಿ ಬಾಯಿ ಮುಚ್ಚಿಸು,” ಎಂದಳು ನೀಲವ್ವ. “ರೊಟ್ಟಿ ಹೊತ್ತಿನ್ಯಾಗ ನನ್ನ ಗೊಡವಿಗೆ ಬರಬ್ಯಾಡ್ರಿ. ಉಳದ ಹೊತ್ತಿನ್ಯಾಗ ಏನರ ಮಾಡ್ಕೋರಿ.”

ಅವಳೊಬ್ಬಳ ಕಥೆಯಲ್ಲ ಅದು. ನವಲಗುಂದ, ರೋಣ, ಬಾದಾಮಿ, ಎಲ್ಲಿ ನೋಡಿದರೂ ಊಟದ ಹೊತ್ತಿಗೆ ಪರದೆಯ ಮೇಲೆ ಕೆಂಪು ಎದ್ದು, ಫೋನು ಮಾಡಿದರೆ ಬೈಗುಳ ಬೀಳುತ್ತಿತ್ತು. ಈ ಪರದೆಗಳನ್ನು ಮಾಡಿದ ಪುಣ್ಯಾತ್ಮರು ರೊಟ್ಟಿ ತಿನ್ನದ ಊರಿನವರು. ಕಾದ ಕಬ್ಬಿಣವನ್ನು ಮನುಷ್ಯರು ಬೇಕೆಂದೇ ದಿನಾ ಮುಟ್ಟುತ್ತಾರೆಂದು ಅವರ ಕನಸಿಗೂ ಬಂದಿರಲಿಕ್ಕಿಲ್ಲ. ಶಿವಲೀಲಾಗೆ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ತಪ್ಪಿದಳು. ತಾಯಿಯ ಹೆಸರಿನ ಮುಂದೆ, ಮುಂಜಾನೆ ಮತ್ತು ಸಂಜೆ ರೊಟ್ಟಿ ಮಾಡುವ ಹೊತ್ತಿನಲ್ಲಿ ಆ ಕೈಯಿಂದ ಬಿಸಿಯ ಸುದ್ದಿ ಬಂದರೆ ತೋರಿಸಬೇಡ ಎಂದು ಪರದೆಗೆ ಹೇಳಿಕೊಟ್ಟಳು. ಕೆಂಪು ಹೋಗಿ ಹಸಿರಾಯಿತು. ಮನೆಯಲ್ಲಿ ಜಗಳ ನಿಂತಿತು.

ಕೋಣೆಯ ಮುಖ್ಯಸ್ಥ ಪ್ರಭಂಜನ ದೇಸಾಯಿಯವರ ಕಣ್ಣಿಗೆ ಇದು ಬಿತ್ತು. ಬೈಯುತ್ತಾರೆಂದು ಅವಳು ಎದ್ದು ನಿಂತರೆ ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

“ಭಾಳ ಶಾಣ್ಯಾ ಇದ್ದೀರಿ ಶಿವಲೀಲಾ. ನಮ್ಮ ಅವ್ವಾರೂ ಹಿಂಗೇ ಬೈತಿರ್ತಾರ. ಇದನ್ನ ಎಲ್ಲಾರಿಗೂ ಮಾಡಿಬಿಡೋಣ.”

ಹಾಗೆ ರೊಟ್ಟಿ ತಿನ್ನುವ ಜಿಲ್ಲೆಗಳಿಗೆಲ್ಲ ರೊಟ್ಟಿ ಹೊತ್ತಿನ ಬಿಸಿ ಮಾಫಿಯಾಯಿತು. ಕೋಣೆಯಲ್ಲಿ ಅದಕ್ಕೆ ‘ರೊಟ್ಟಿ ಮಾಫಿ’ ಎಂದೇ ಹೆಸರು ಬಿತ್ತು. ಬೈಗುಳ ನಿಂತವು, ಊಟದ ಹೊತ್ತಿಗೆ ಹುಡುಗಿಯರಿಗೂ ನೆಮ್ಮದಿಯಾಗಿ ಊಟ ಸಿಕ್ಕಿತು. ಶಿವಲೀಲಾಳನ್ನು ಕರೆದು ಶಾಲು ಹೊದಿಸಿದರು. ಆ ಶಾಲನ್ನು ನೀಲವ್ವ ಗಿರಾಕಿಗಳಿಗೆಲ್ಲ ತೋರಿಸಿ ಮೆರೆದಳು.

ಖಾನಾವಳಿ ಮತ್ತೆ ತುಂಬಿತು. ನೀಲವ್ವ ಮೊದಲಿಗಿಂತ ಹೆಚ್ಚು ರೊಟ್ಟಿ ಬಡಿಯುತ್ತಿದ್ದಳು. ಕೈ ಸೋಲುತ್ತಿರಲಿಲ್ಲವಲ್ಲ! ಶಿವಲೀಲಾ ಕೆಲಸದ ನಡುವೆ ತಾಯಿಯ ಗೆರೆಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ಹಸಿರು. ಮನೆಗೆ ಬಂದು ತಟ್ಟೆಯ ಮುಂದೆ ಕೂತು, “ಕೈ ಹೆಂಗೈತವ್ವ?” ಎಂದರೆ, “ಅದಕ್ಕೇನ ಧಾಡಿ? ಉಣ್ಣು ನೀ” ಎಂಬ ಉತ್ತರ. ಕೈಗೆ ಒರೆಸುವ ಅರಿವೆ ಸುತ್ತಿರುತ್ತಿತ್ತು, ಇಲ್ಲದಿದ್ದರೆ ಮುಂಗೈತನಕ ಹಿಟ್ಟು. ಅದರ ಕೆಳಗೆ ಏನಿದೆ ಎಂದು ಮಗಳು ನೋಡಲಿಲ್ಲ. ಯಾಕೆ ನೋಡಬೇಕು? ನೋಡಿಯೇ ಬಂದಿದ್ದಳಲ್ಲ, ಪರದೆಯ ಮೇಲೆ.

ಭಾನುವಾರ ಶಿವಲೀಲಾಗೆ ರಜೆ. ಆ ದಿನ ತಾಯಿ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುವುದು ಸಣ್ಣವಳಿದ್ದಾಗಿನಿಂದ ನಡೆದುಬಂದದ್ದು. ಅವತ್ತೂ ನೀಲವ್ವ ಮಗಳನ್ನು ಮುಂದೆ ಕೂರಿಸಿಕೊಂಡಳು. ಎಡಗೈಯಲ್ಲಿ ಎಣ್ಣೆ ತಟ್ಟಿದಳು, ಬಲಗೈಯಲ್ಲಿ ಹಣಿಗೆ ಹಿಡಿದಳು. ಎಣ್ಣೆಯ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬಂತು.

“ಇಲಿ ಸತ್ತಾವೇನವ್ವ ಅಟ್ಟದ ಮ್ಯಾಲ?”

“ಇರಬಹುದು. ಎರಡು ದಿನ ಆತು, ನನಗೂ ವಾಸನಿ ಬಡಿಯಾಕತ್ತೈತಿ.”

ಹಣಿಗೆ ಕಿವಿಯ ಹತ್ತಿರ ಬಂದಾಗ ವಾಸನೆಯೂ ಹತ್ತಿರ ಬಂತು. ಹಣಿಗೆ ದೂರ ಹೋದಾಗ ಅದೂ ದೂರ ಹೋಯಿತು. ಶಿವಲೀಲಾ ತಿರುಗಿ ತಾಯಿಯ ಕೈ ಹಿಡಿದು ಸುತ್ತಿದ್ದ ಅರಿವೆಯನ್ನು ಬಿಚ್ಚಿದಳು. ಅರಿವೆ ಅಂಟಿಕೊಂಡಿತ್ತು. ಅವಳು ಎಳೆದಳು, ಅದರ ಜೊತೆಗೆ ಚರ್ಮವೂ ಬಂತು. ನೀಲವ್ವ ಸುಮ್ಮನೆ ನೋಡುತ್ತ ಕೂತಿದ್ದಳು.

ಕಿರುಬೆರಳಿನ ಕೆಳಗೆ, ಅಂಗೈಯ ಹೊರ ಅಂಚು ಹೊತ್ತಿದ ರೊಟ್ಟಿಯ ಹಾಗೆ ಕರ್ರಗಾಗಿತ್ತು. ಸುತ್ತ ಹಸಿರು ಬಣ್ಣದ ಕೀವು. ಕೆಂಪು ಮುಂಗೈ ದಾಟಿ ಮೇಲಕ್ಕೆ ಹತ್ತಿತ್ತು. ಕೈ ಕಾದಿತ್ತು, ಮೈಯೂ ಕಾದಿತ್ತು.

“ಇದು ಯಾವಾಗಾತು?”

“ಅದು... ಆ ಲಾರಿ ಮಂದಿ ಬಂದಿದ್ದರಲ್ಲ, ಅವತ್ತ. ಮಾತಾಡಕೋತ ಕೈ ಹಂಚಿನ ಮ್ಯಾಲ ಊರಿಬಿಟ್ಟಿದ್ದೆ. ರೊಟ್ಟಿ ಸೀದೈತಿ ಅಂತ ಅವರು ಒದರಿದಾಗ ನೋಡಿದೆ. ಅರಿಷಿಣ ಒತ್ತಿದೆ, ಅಷ್ಟ.”

“ಹೇಳಬಾರದೇನ? ನನಗ ಒಂದ ಮಾತು ಹೇಳಬಾರದೇನವ್ವ!”

“ಏನಂತ ಹೇಳಲಿ? ಬ್ಯಾನಿನ ಇದ್ದಿಲ್ಲ.” ಮಗಳ ಮುಖ ನೋಡಿ ನೀಲವ್ವನಿಗೆ ಆಗ ಮೊದಲ ಸಲ ಹೆದರಿಕೆಯಾಯಿತು. “ನಿಮ್ಮ ಆಫೀಸಿನವರೂ ಫೋನ್ ಮಾಡಲಿಲ್ಲ ಲೀಲಾ. ದೊಡ್ಡದಿದ್ದರ ಮಾಡತಿದ್ದರಲ್ಲ? ಅವರು ಸುಮ್ಮನದಾರ ಅಂದಮ್ಯಾಲ ಏನೂ ಇಲ್ಲಂತ ತಿಳಕೊಂಡೆ.”

ಹೀಗೆ ತಾಯಿ ಕೋಣೆಯನ್ನು ನಂಬಿ ಕೂತಿದ್ದಳು, ಕೋಣೆ ಮಾಫಿಯನ್ನು ನಂಬಿ ಕೂತಿತ್ತು. ಕೈ ತನ್ನ ಕೆಲಸ ತಾನು ಮಾಡಿತ್ತು. ಹಂಚಿನ ಮೇಲೆ ಊರಿದ ಗಳಿಗೆಯಲ್ಲೇ ಅದು ಜೀವ ಹೋಗುವಂತೆ ಕೂಗಿತ್ತು. ಆ ಕೂಗು ಶಿವಲೀಲಾ ಕೂತ ಕೋಣೆಗೇ ಬಂದಿತ್ತು. ಬಂದದ್ದನ್ನು ಪರದೆ ಅವಳು ಹೇಳಿಕೊಟ್ಟ ಹಾಗೆ ಹಸಿರು ಮಾಡಿತ್ತು. ಆಮೇಲೆ ಏರಿದ ಕೀವಿನ ನೋವನ್ನು ಯಂತ್ರ ಹಳೆಯ ಸರ್ಪಸುತ್ತಿನ ಉರಿಯೆಂದೇ ಲೆಕ್ಕ ಹಾಕಿತ್ತು. ಆ ಉರಿ ಇರುವುದೇ, ಅದಕ್ಕೆ ಫೋನು ಬೇಡ ಎಂದು ಡಾಕ್ಟರು ಮೊದಲೇ ಬರೆದುಬಿಟ್ಟಿದ್ದರು.

ಆಸ್ಪತ್ರೆಯಲ್ಲಿ ಹಗಲು ರಾತ್ರಿ ಒದ್ದಾಡಿದರು. ಸಕ್ಕರೆಯ ಮೈ, ಕೀವು ಮೂಳೆಗಿಳಿದಿತ್ತು. ಜೀವ ಉಳಿಯಬೇಕಾದರೆ ಮೊಣಕೈ ಕೆಳಗಿನದು ಹೋಗಬೇಕು ಎಂದರು. ಒಪ್ಪಿಗೆಯ ಸಹಿ ಹಾಕಿದ್ದು ಶಿವಲೀಲಾ. ಕೈ ಕಡಿದು ಒಗೆಯಿರಿ ಎಂದು ಹಿಂದೆ ಅರಚುತ್ತಿದ್ದವಳು ಈಗ, “ಬೆರಳಷ್ಟ ತಗೀರಿ, ಕೈ ಬಿಡ್ರಿ ಸಾಹೇಬ್ರ, ನಾ ಎಡಗೈಲೆ ಬಡಿಯಾಕ ಬರೂದಿಲ್ಲ” ಎಂದು ಡಾಕ್ಟರ ಕೋಟು ಹಿಡಿದುಕೊಂಡಿದ್ದಳು. ಕತ್ತಿನ ಬುಡದ ಕದಗಳನ್ನು ಹಾಗೇ ಬಿಟ್ಟರು. ಕಡಿದ ಕೈಯ ನೋವೂ ಅಲ್ಲೇ ತಡೆಯಲಿ ಎಂದು.

ದೇಸಾಯಿ ಸೇಬು ಹಿಡಿದುಕೊಂಡು ನೋಡಲು ಬಂದರು. ಕೆಟ್ಟವರಲ್ಲ, ಕಣ್ಣಲ್ಲಿ ನೀರೂ ಇತ್ತು. ಹೊರಗೆ ವರಾಂಡದಲ್ಲಿ ಶಿವಲೀಲಾ ಕೇಳಿದಳು.

“ಮಾಫಿ ಇವತ್ತ ತಗೀರಿ ಸರ್. ನಮ್ಮವ್ವನಂಥವರು ಎಷ್ಟ ಮಂದಿ ಅದಾರೋ ಏನೋ.”

“ತಗಿಬೇಕು, ಖರೇ. ಆದರ ಒಮ್ಮೆಲೆ ತಗದರ ಮತ್ತ ಪಟ್ಟಿ ಬಿಚ್ಚಿ ಒಗೀತಾರ. ಆಗ ಏನೂ ಗೊತ್ತಾಗಂಗಿಲ್ಲ. ಮ್ಯಾಲಿನವರ ಮುಂದ ಇಡತೀನಿ. ವಿಚಾರ ಮಾಡೋಣ.”

“ವಿಚಾರ ಮಾಡೂದ್ರಾಗ ರೊಟ್ಟಿ ಹೊತ್ತು ಆಕ್ಕೈತ್ರಿ ಸರ್.”

ಮರುದಿನ ಶಿವಲೀಲಾ ಕೆಲಸಕ್ಕೆ ಹೋದಳು. ರೊಟ್ಟಿ ಹೊತ್ತಿಗೆ ಸರಿಯಾಗಿ, ಯಾರನ್ನೂ ಕೇಳದೆ, ತಾನೇ ಹೇಳಿಕೊಟ್ಟದ್ದನ್ನು ತಾನೇ ಅಳಿಸಿದಳು. ಗೋಡೆಯ ತುಂಬ ಕೆಂಪು ಎದ್ದಿತು. ಹುಡುಗಿಯರು ಊಟದ ಡಬ್ಬಿ ಮುಚ್ಚಿ ಫೋನುಗಳಿಗೆ ಬಿದ್ದರು. ಎಲ್ಲ ಕಡೆಯಿಂದ ಬೈಗುಳ. ಶಿವಲೀಲಾ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದಳು. “ಬೈರಿ, ಬೇಕಾದಷ್ಟು ಬೈರಿ. ಹಿಟ್ಟು ತೊಳದು ಕೈ ಒಮ್ಮೆ ನೋಡಿಕೊಂಡು ಬೈರಿ.”

ಕೆಲವರು ಫೋನು ಕುಕ್ಕಿದರು. ಕೆಲವರು ನೀರು ಬಿಟ್ಟುಕೊಂಡ ಸದ್ದು ಕೇಳಿಸಿತು. ನವಲಗುಂದದ ಒಬ್ಬಾಕೆ ಸಣ್ಣ ದನಿಯಲ್ಲಿ, “ಅಕ್ಕಾರ, ಎರಡು ಬೆರಳು ಕರ್ರಗಾಗ್ಯಾವ್ರಿ. ನಾ ಹಿಟ್ಟು ಸೀದೈತಿ ಅಂತ ತಿಳಿದಿದ್ದೆ” ಎಂದಳು.

ಅಪ್ಪಣೆ ಇಲ್ಲದೆ ಯಂತ್ರ ಮುಟ್ಟಿದ್ದಕ್ಕೆ ಸಂಜೆಯ ಹೊತ್ತಿಗೆ ಶಿವಲೀಲಾಳ ಕೆಲಸ ಹೋಯಿತು. ಮಾಫಿ ಮತ್ತೆ ಬಂತು, ಈಗ ಸ್ವಲ್ಪ ಕಡಿಮೆ ಹೊತ್ತಿಗೆ. ಹೊದಿಸಿದ ಶಾಲನ್ನು ಅವಳು ಹರಿದು ಒಲೆಯ ಹತ್ತಿರ ಒರೆಸುವ ಅರಿವೆ ಮಾಡಿದಳು.

ಅರಿವೆಗೆ ಕೆಲಸವೂ ಇರಲಿಲ್ಲ. ಒಲೆ ತಣ್ಣಗಿತ್ತು. ಆಸ್ಪತ್ರೆಯಿಂದ ಬಂದ ನೀಲವ್ವ ದಿನಾ ಮುಂಜಾನೆ ಅದರ ಮುಂದೆ ಹೋಗಿ ಕೂರುತ್ತಿದ್ದಳು. ಹಳೆಯ ಗಿರಾಕಿಗಳು ಬಾಗಿಲಲ್ಲಿ ಇಣುಕಿ, ನಮಸ್ಕಾರ ಮಾಡಿ ಹೋಗುತ್ತಿದ್ದರು. ನಮಸ್ಕಾರಕ್ಕೆ ತಿರುಗಿ ಕೈ ಮುಗಿಯಲು ಹೋಗಿ ನೀಲವ್ವ ಅರ್ಧಕ್ಕೆ ನಿಲ್ಲಿಸುತ್ತಿದ್ದಳು.

ಒಂದು ಮುಂಜಾನೆ ಮೆಹರುನ್ನಿಸಾಳ ಫೋನು ಬಂತು.

“ಲೀಲಕ್ಕಾ, ಅವ್ವ ಏನ ಮಾಡಾಕತ್ತಾರ?”

“ಸುಮ್ಮನ ಕುಂತಾಳ. ಯಾಕ?”

“ಇಲ್ಲಿ... ಅವರ ಗೆರಿ ಏರಾಕತ್ತೈತಿ. ಸಣ್ಣ ಸಣ್ಣದು, ಒಂದಾದಮ್ಯಾಲ ಒಂದು. ನಿನ್ನೆನೂ ಹಿಂಗ ಬಂದಿತ್ತು, ಮಾಫಿ ಅದನ್ನ ಹಸಿರು ಮಾಡತು. ಇವತ್ತ ಮಾಫಿ ಹೊತ್ತು ಮುಗದರೂ ನಿಂತಿಲ್ಲ. ನಾ ಎಷ್ಟು ವರ್ಷ ನೋಡೇನಿ ಅಕ್ಕಾ, ಗುರುತು ಸಿಗತೈತಿ. ಅವು ರೊಟ್ಟಿ.”

ಶಿವಲೀಲಾ ತಿರುಗಿ ನೋಡಿದಳು. ತಣ್ಣನೆಯ ಹಂಚಿನ ಮುಂದೆ ತಾಯಿಯ ಮೋಟು ತೋಳು ಒಂದಿಷ್ಟೇ ಅಲುಗುತ್ತಿತ್ತು. ಮುಂದೆ, ಹಿಂದೆ. ಕಡಿದ ನರದ ತುದಿಗಳು ಇಲ್ಲದ ಬೆರಳಿನ ಸುದ್ದಿ ಹೇಳುತ್ತಿರುತ್ತವೆ ಎಂದು ಅವಳು ತರಬೇತಿಯಲ್ಲಿ ಕಲಿತಿದ್ದಳು. ಆ ಪಾಠ ಹೇಳಿದವರು ರೊಟ್ಟಿಯ ಮಾತು ಹೇಳಿರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ಬಚ್ಚಿಡುವ ಶಕ್ತಿಯೂ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ತಾಯಿಗೆ ಹೇಳಿದಳು.

ನೀಲವ್ವ ಎಲ್ಲ ಕೇಳಿದಳು. ಆಮೇಲೆ, “ಅಂದರ ಕೈ ಇನ್ನೂ ಮಾಡಾಕತ್ತೈತಿ. ನನಗ ಮಾತ್ರ ಗೊತ್ತಿಲ್ಲ,” ಎಂದಳು. “ಆ ಕದಾ ತಗಸು.”

“ಡಾಕ್ಟರು ಬ್ಯಾಡಂತಾರವ್ವ. ಕಡದ ಕೈದು, ಸರ್ಪಸುತ್ತಿಂದು, ಎಲ್ಲಾ ಬ್ಯಾನಿ ಒಮ್ಮೆಲೆ ಬರತೈತಿ. ತಡಕೊಳ್ಳಾಕ ಆಗೂದಿಲ್ಲ.”

“ನನ್ನ ಬ್ಯಾನಿ ಊರ ಮಂದಿಗೆಲ್ಲ ಕೇಳತೈತಿ, ನನಗೊಬ್ಬಾಕಿಗೆ ಕೇಳಬಾರದೇನ? ತಗಸಂದರ ತಗಸು.”

ಡಾಕ್ಟರು ಎರಡು ವಾರ ಒಪ್ಪಲಿಲ್ಲ. ಕೊನೆಗೆ, ಮಗಳು ಪಕ್ಕದಲ್ಲಿದ್ದರೆ, ತುಸು ಹೊತ್ತು, ತುಸುವೇ ತೆರೆಯಿರಿ ಎಂದು ಕೋಣೆಗೆ ಅಪ್ಪಣೆ ಕಳಿಸಿದರು.

ಆ ಮುಂಜಾನೆ ನೀಲವ್ವ ತಲೆಗೆ ಎರೆದುಕೊಂಡು ಬಂದು ಒಲೆಯ ಮುಂದೆ ಕೂತಳು. ಒಲೆ ಹೊತ್ತಿಸಬೇಡ ಎಂದಳು. ಶಿವಲೀಲಾ ಫೋನನ್ನು ನೆಲದ ಮೇಲಿಟ್ಟು ತಾಯಿಯ ಬೆನ್ನಿಗೆ ಆತು ಕೂತಳು.

“ತಗೀಲೇನ್ರಿ ಅವ್ವಾ?” ಎಂದಿತು ಮೆಹರುನ್ನಿಸಾಳ ದನಿ.

“ತಗಿ ನಮ್ಮವ್ವ.”

ಮೊದಲು ಏನೂ ಆಗಲಿಲ್ಲ. ಆಮೇಲೆ ನೀಲವ್ವನ ಬೆನ್ನು ಬಿಲ್ಲಿನ ಹಾಗೆ ಸೆಟೆಯಿತು. ಹಲ್ಲು ಕಚ್ಚಿದ ಸದ್ದು ಕೇಳಿಸಿತು. ಮೈಯೆಲ್ಲ ಬೆವತು ಹೋಯಿತು. ಶಿವಲೀಲಾ ಮುಚ್ಚಿಸಲೆಂದು ಫೋನಿಗೆ ಕೈ ಚಾಚಿದರೆ ತಾಯಿ ಎಡಗೈಯಿಂದ ಅವಳ ಕೈ ಹಿಡಿದು ನಿಲ್ಲಿಸಿದಳು.

“ಬಂತು,” ಎಂದಳು. “ಹಂಚು ಕಾದೈತಿ.”

ಮೋಟು ತೋಳು ತಣ್ಣನೆಯ ಹಂಚಿನ ಮೇಲೆ ಚಾಚಿತು. ಕಣ್ಣು ಮುಚ್ಚಿಕೊಂಡು ಅವಳು ಒಂದು ರೊಟ್ಟಿ ಹಾಕಿದಳು, ನೀರು ಸವರಿದಳು, ಅಂಚು ಎಬ್ಬಿಸಿ ಮಗುಚಿದಳು. ಇನ್ನೊಂದು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತೋಳು ಮಾತ್ರ ಹಳೆಯ ಹದದಲ್ಲೇ ಆಡುತ್ತಿತ್ತು. ಮತ್ತೊಂದು ರೊಟ್ಟಿಗೆ ಚಾಚಿದ್ದ ತೋಳನ್ನು ಒಮ್ಮೆಲೇ “ಹಾ!” ಎಂದು ಎದೆಗೆ ಎಳೆದುಕೊಂಡಳು. ಎಳೆದುಕೊಂಡು, ತೋಳಿನ ತುದಿಯಾಚೆ ಬೆರಳುಗಳಿರಬೇಕಾದ ಜಾಗಕ್ಕೆ ಉಫ್ ಉಫ್ ಎಂದು ಊದಿದಳು.

ಬಹಳ ಹೊತ್ತು ಊದಿದಳು. ಆಮೇಲೆ ಕಣ್ಣು ತೆರೆದು ಮಗಳ ಕಡೆ ತಿರುಗಿದಳು.

“ಸುಟ್ಟತು ನೋಡ ಲೀಲಾ. ತಕ್ಕೊಂಡೆ. ಲಗೂನ ತಕ್ಕೊಂಡೆ, ಹೌದಿಲ್ಲ?”

“ಹೌದವ್ವ,” ಎಂದಳು ಶಿವಲೀಲಾ. “ಲಗೂನ ತಕ್ಕೊಂಡಿ.”